ತಾರಸಿ ಸೋರಿದರೆ ಖರ್ಚು ಯಾರದು?

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಬಂತೆಂದರೆ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಒಂದು ಜಗಳಕ್ಕೂ ಕಾಲ ಬಂತೆಂದೇ ಲೆಕ್ಕ. ಮಲಗುವ ಕೋಣೆಯ ಮೂಲೆಯಲ್ಲಿ ಕಂದು ಕಲೆ ಮೂಡುತ್ತದೆ, ಬಣ್ಣ ಚಕ್ಕೆಯೇಳುತ್ತದೆ, ಬೀರುವಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಬಾಡಿಗೆದಾರರು ತಾರಸಿಯತ್ತ ಕೈ ತೋರಿಸುತ್ತಾರೆ. "ನೀವು ಬಂದಾಗ ಗೋಡೆ ಚೆನ್ನಾಗಿಯೇ ಇತ್ತಲ್ಲ" ಎಂದು ಮಾಲೀಕರು ಕೇಳುತ್ತಾರೆ.

ಮೊದಲು ಗೊತ್ತಾಗಬೇಕಾದದ್ದು ನೀರು ಎಲ್ಲಿಂದ ಬಂತು ಎಂಬುದು. ನಲ್ಲಿ ತಿರುಗಿಸಿ, ನೀರಿಲ್ಲವೆಂದು ಹಾಗೆಯೇ ಬಿಟ್ಟು ಊರಿಗೆ ಹೋದಿರಿ. ನಡುರಾತ್ರಿ ಕಾವೇರಿ ನೀರು ಬಂದು ಕೆಳಗಿನ ಮನೆಯ ಛಾವಣಿಯೂ ನೆನೆಯಿತು ಎನ್ನೋಣ. ಅದಕ್ಕೆ ನೀವೇ ಹೊಣೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮಿನ ಪ್ರಕಾರ, ಬಾಡಿಗೆದಾರರಿಂದಾದ ಹಾನಿಯನ್ನು ಮಾಲೀಕರ ನೋಟಿಸ್ ಬಂದ ಮೂರು ತಿಂಗಳೊಳಗೆ ಅವರೇ ಸರಿಪಡಿಸಿಕೊಡಬೇಕು. ಸಹಜ ಸವೆತ ಮಾತ್ರ ಅವರ ತಲೆಗೆ ಬರುವುದಿಲ್ಲ. ಇನ್ನು, ಹಳೆಯ ಸೋರಿಕೆಯ ಮೇಲೆ ಹೊಸ ಬಣ್ಣ ಬಳಿದು ಬಾಡಿಗೆಗೆ ಕೊಡುವವರಿದ್ದಾರೆ. ತಮಗೆ ಗೊತ್ತಿರುವ, ನೋಡಿದವರ ಕಣ್ಣಿಗೆ ಸುಲಭವಾಗಿ ಬೀಳದ ದೊಡ್ಡ ದೋಷವನ್ನು ಮಾಲೀಕರು ಮೊದಲೇ ತಿಳಿಸಬೇಕೆಂದು ಅದೇ ಕಲಮು ಹೇಳುತ್ತದೆ.

ತಾರಸಿಯ ಬಿರುಕಿನಿಂದ ಸೋರಿದರೆ? ಮಾಲೀಕರು ಮಾಡಲು ಬದ್ಧರಾದ ದುರಸ್ತಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕೇಳಲು ಹಿತವಾಗಿದೆ. ತೊಡಕೆಂದರೆ, ತಾರಸಿಯ ದುರಸ್ತಿಗೆ ಮಾಲೀಕರು ಬದ್ಧರೆಂದು ಆ ಕಲಮು ನೇರವಾಗಿ ಎಲ್ಲಿಯೂ ಹೇಳುವುದಿಲ್ಲ. ಕರಾರಿನಲ್ಲಿ ಅದು ಇದ್ದರೆ ನಿಮ್ಮ ಕೈ ಗಟ್ಟಿ. ನಮ್ಮ ಕರಾರುಗಳೋ, ಛಾಪಾ ಕಾಗದದ ಮೇಲೆ ಹಳೆಯ ನಕಲಿಗೆ ಹೊಸ ಹೆಸರು ಸೇರಿಸಿ ಮಾಡಿದಂಥವು. ಹನ್ನೊಂದು ತಿಂಗಳ ಅವಧಿ, ಮುಂಗಡದ ಮೊತ್ತ, ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಹಿಡಿದುಕೊಳ್ಳುವ ಒಂದು ತಿಂಗಳ ಬಾಡಿಗೆ, ಎಲ್ಲವೂ ಅದರಲ್ಲಿರುತ್ತದೆ. ಸೋರಿಕೆಯ ಸುದ್ದಿ ಮಾತ್ರ ಇರುವುದಿಲ್ಲ. ಲಕ್ಷಾಂತರ ರೂಪಾಯಿ ಮುಂಗಡ ಎಣಿಸಿಕೊಡುವವರು, ತಾರಸಿ, ಟ್ಯಾಂಕು ಮತ್ತು ಗೋಡೆಯೊಳಗಿನ ಪೈಪಿನ ದುರಸ್ತಿ ಮಾಲೀಕರದೆಂಬ ಒಂದು ಸಾಲನ್ನು ಬರೆಸಲು ಯಾಕೆ ಸಂಕೋಚಪಡುತ್ತಾರೋ ನನಗಂತೂ ಅರ್ಥವಾಗಿಲ್ಲ.

ಆ ಸಾಲಿಗೆ ಮಾದರಿ ಬೇಕಿದ್ದರೆ, 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ನೋಡಿ. ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಪೈಪು ಬದಲಿಸುವುದು ಮಾಲೀಕರ ಪಾಲಿಗೆ. ನಲ್ಲಿಯ ವಾಷರ್, ಚರಂಡಿ ಶುಚಿ, ಗೀಸರ್ ರಿಪೇರಿ ಬಾಡಿಗೆದಾರರ ಪಾಲಿಗೆ. ರಾಜ್ಯ ಅಳವಡಿಸಿಕೊಳ್ಳದೆ ಅದು ಕಾನೂನಾಗುವುದಿಲ್ಲ, ಆದರೆ ನಿಮ್ಮ ಕರಾರಿಗೆ ಇಳಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಕಲೆ ಕಂಡ ದಿನವೇ ಫೋಟೋ ತೆಗೆದು ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಮೆಟ್ಟಿಲ ಮೇಲೆ ಎದುರಾದಾಗ ಹೇಳಿದ ಮಾತು ಮುಂಗಡ ವಾಪಸು ಕೇಳುವ ದಿನ ಯಾರ ನೆನಪಿನಲ್ಲೂ ಇರುವುದಿಲ್ಲ. ಮಾಲೀಕರಿಗೂ ಇದು ಒಳ್ಳೆಯದೇ: ಸುದ್ದಿಯೇ ಮುಟ್ಟದಿದ್ದರೆ ಸಣ್ಣ ಬಿರುಕು ಛಾವಣಿಯ ಕಬ್ಬಿಣಕ್ಕೆ ತುಕ್ಕು ಹಿಡಿಸುವವರೆಗೆ ಬೆಳೆಯುತ್ತದೆ.

ಪ್ರವಾಹದ ಮಾತು ಬೇರೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಮನೆಗಳಿಗೇ ನೀರು ನುಗ್ಗಿತ್ತು. ಪ್ರವಾಹದಿಂದ ಮನೆ ಶಾಶ್ವತವಾಗಿ ವಾಸಯೋಗ್ಯವಲ್ಲದಂತಾದರೆ, ತಪ್ಪು ತಮ್ಮದಲ್ಲದಿದ್ದಲ್ಲಿ, ಬಾಡಿಗೆದಾರರು ಕರಾರನ್ನು ಅಲ್ಲಿಗೇ ಕಡಿದುಕೊಳ್ಳಬಹುದು. ನೆನೆದ ಹಾಸಿಗೆ, ಕೆಟ್ಟ ಟಿವಿಯ ಬೆಲೆ ಅದರಿಂದ ಬರುವುದಿಲ್ಲ. ಮಾಲೀಕರು ಕಟ್ಟಡಕ್ಕೆ ಮಾಡಿಸಿದ ವಿಮೆಯೂ ನಿಮ್ಮ ಸಾಮಾನನ್ನು ಕಾಯುವುದಿಲ್ಲ. ಮನೆಯ ಸಾಮಾನಿಗೆಂದೇ ಪ್ರತ್ಯೇಕ ವಿಮೆ ಸಿಗುತ್ತದೆ, ಬಾಡಿಗೆಯಲ್ಲಿರುವವರೂ ಮಾಡಿಸಬಹುದು. ಮಾಡಿಸುವ ಮುನ್ನ, ಪೈಪು ಒಡೆದು ಆಗುವ ಹಾನಿಯೂ ಅದರಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳಿ. ನಮಸ್ಕಾರ.