ಮೊರದಲ್ಲಿಟ್ಟ ಮೂಳೆ

ಕೇಳುಗ ಬಂಧುಗಳೆಲ್ಲರಿಗೂ ನಮಸ್ಕಾರ. ಮನುಷ್ಯನೆಂದರೆ ಯಾರು, ಅವನ ದೇಹವೇನು, ಆತ್ಮವೇನು ಎಂಬ ವಿಷಯವಾಗಿ ಮಾತನಾಡಬೇಕೆಂದು ಬಾನುಲಿಯವರು ಕೇಳಿದಾಗ ನನಗೆ ಆಶ್ಚರ್ಯವೇ ಆಯಿತು. ಇಂಥ ವಿಷಯಕ್ಕೆ ಮಠದ ಸ್ವಾಮಿಗಳನ್ನೋ ತತ್ತ್ವಶಾಸ್ತ್ರದ ಪ್ರಾಧ್ಯಾಪಕರನ್ನೋ ಕರೆಯುವುದು ವಾಡಿಕೆ. ಮೂವತ್ತೆರಡು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಂದ ಮೂಳೆ, ಸ್ನಾಯು, ನರಗಳ ಹೆಸರುಗಳನ್ನು ಉರು ಹೊಡೆಸಿ ನಿವೃತ್ತಳಾಗಿ, ಈಗ ಕೋಲಾರದಲ್ಲಿ ಮೊಮ್ಮಕ್ಕಳಿಗೆ ಎಣ್ಣೆ ಒತ್ತಿಕೊಂಡು ಕುಳಿತಿರುವ ನನ್ನನ್ನು ಯಾಕೆ ಕರೆದಿರಿ ಎಂದು ಕೇಳಿದೆ. "ದೇಹದ ಕಡೆಯಿಂದ ಹೇಳಿ ಮೇಡಂ, ಆತ್ಮದ ಕಡೆಯವರು ಬೇಕಾದಷ್ಟು ಜನ ಹೇಳಿದ್ದಾರೆ" ಎಂದರು. ಸರಿ, ದೇಹದ ಕಡೆಯಿಂದಲೇ ಹೇಳುತ್ತೇನೆ. ಹೇಳುವುದಕ್ಕೆ ನನ್ನ ಬಳಿ ಇರುವುದು ಒಂದೇ ಮಾತು: ಮನುಷ್ಯ ಹುಟ್ಟುವುದು ನೆಲಕ್ಕಲ್ಲ, ಇನ್ನೊಬ್ಬರ ಕೈಗೆ.

ದೇಹವೆಂಬುದು ಬಾಡಿಗೆ ಮನೆ, ಆತ್ಮ ಅದರಲ್ಲಿ ನಾಲ್ಕು ದಿನ ಇದ್ದು ಹೋಗುವ ಬಾಡಿಗೆದಾರ ಎಂಬ ಮಾತನ್ನು ನಾವೆಲ್ಲ ಹರಿಕಥೆಗಳಲ್ಲಿ, ಸಾವಿನ ಮನೆಗಳಲ್ಲಿ ಚಿಕ್ಕಂದಿನಿಂದ ಕೇಳಿದ್ದೇವೆ. ದುಃಖದಲ್ಲಿರುವವರಿಗೆ ಆ ಮಾತು ಸಮಾಧಾನ ಕೊಡುವುದಾದರೆ ಕೊಡಲಿ, ನನ್ನ ತಕರಾರಿಲ್ಲ. ಆದರೆ ಬಾಡಿಗೆ ಮನೆಯನ್ನು ಬಾಡಿಗೆದಾರ ಬರುವ ಮೊದಲೇ ಕಟ್ಟಿ, ಸುಣ್ಣ ಬಳಿದು, ಬೀಗ ಹಾಕಿ ಇಟ್ಟಿರುತ್ತಾರೆ. ಮನುಷ್ಯನ ದೇಹ ಹಾಗಿಲ್ಲ. ಅದು ಹುಟ್ಟುವಾಗ ಇನ್ನೂ ಗೋಡೆ ಏಳುತ್ತಿರುವ ಮನೆ. ಮಿಕ್ಕದ್ದನ್ನು ಕಟ್ಟುವವರು ಅದನ್ನು ಎತ್ತಿಕೊಂಡವರು, ಎರೆದವರು, ಉಣಿಸಿದವರು, ಹೆಸರಿಟ್ಟು ಕರೆದವರು.

ನಮ್ಮ ಜಿಲ್ಲೆಗಳಲ್ಲಿ ಹಸು ಕಟ್ಟದ ಮನೆ ಕಡಿಮೆ, ಆದ್ದರಿಂದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ತಡವರಿಸಿಕೊಂಡು ಎದ್ದು ನಿಂತು ತಾಯಿಯ ಕೆಚ್ಚಲನ್ನು ಹುಡುಕುತ್ತದೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವವರು ಇನ್ನೂ ದೊಡ್ಡ ಸೋಜಿಗವನ್ನು ದಿನವೂ ನೋಡುತ್ತಾರೆ. ಮೊಟ್ಟೆಯಿಟ್ಟ ಚಿಟ್ಟೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಮೊಟ್ಟೆಯೊಡೆದು ಬಂದ ಹುಳು ತಾಯಿಯ ಮುಖವನ್ನೇ ಕಾಣದೆ ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ನಾಲ್ಕು ಹಂತ, ದಾಟಿ, ಹಣ್ಣಾಗಿ, ಗೂಡು ಕಟ್ಟಲೆಂದು ಇಡುವ ಬಿದಿರಿನ ತಟ್ಟೆಯಾದ ಚಂದ್ರಿಕೆಗೆ ಬಿಟ್ಟೊಡನೆ ಯಾರೂ ಕಲಿಸದೆ ಗೂಡು ಕಟ್ಟುತ್ತದೆ. ಸೊಪ್ಪು ಹಾಕುವವರು ನಾವಲ್ಲವೇ ಎಂದು ನೀವು ಕೇಳಬಹುದು. ಹೌದು, ಸೊಪ್ಪು ನಿಮ್ಮದು. ಆದರೆ ಗೂಡಿನ ನಕ್ಷೆ ಹುಳುವಿನೊಳಗೇ ಇರುತ್ತದೆ. ಮನುಷ್ಯನ ಮಗುವಾದರೋ ತನ್ನ ಕತ್ತನ್ನು ತಾನು ನೆಟ್ಟಗೆ ನಿಲ್ಲಿಸಲಿಕ್ಕೆ ಮೂರು ನಾಲ್ಕು ತಿಂಗಳು ತೆಗೆದುಕೊಳ್ಳುತ್ತದೆ. ಹುಟ್ಟಿದ ಮಗುವಿನ ಮಿದುಳು ಸುಮಾರು 350ರಿಂದ 400 ಗ್ರಾಂ ತೂಗಿದರೆ ಬೆಳೆದವರದು 1,300 ಗ್ರಾಂ ಆಸುಪಾಸು ತೂಗುತ್ತದೆ. ಅಂದರೆ ನಾವು ಯಾವುದರಿಂದ ಯೋಚಿಸುತ್ತೇವೋ, ಯಾವುದರಿಂದ ದೇವರನ್ನು ನೆನೆಯುತ್ತೇವೋ ಆ ಅಂಗದ ಹೆಚ್ಚಿನ ಪಾಲು ಬೆಳೆಯುವುದು ಗರ್ಭದ ಕತ್ತಲೆಯಲ್ಲಲ್ಲ, ಮಗು ಸೊಂಟದಿಂದ ಸೊಂಟಕ್ಕೆ, ಕೈಯಿಂದ ಕೈಗೆ ಸಾಗುತ್ತಿರುವಾಗ.

ಹೀಗೇಕೆ ಎಂದರೆ ಅದಕ್ಕೆ ಒಂದು ದೊಡ್ಡ ಕಾರಣ ನಮ್ಮ ಸೊಂಟದ ಮೂಳೆಯಲ್ಲಿದೆ. ಪಠ್ಯಪುಸ್ತಕಗಳಲ್ಲಿ ಇದನ್ನು ಶ್ರೋಣಿ ಎನ್ನುತ್ತಾರೆ; ನಾನು ಸೊಂಟದ ಮೂಳೆ ಎಂದೇ ಹೇಳುತ್ತೇನೆ, ಪರೀಕ್ಷೆ ಬರೆಯುವವರು ಕ್ಷಮಿಸಬೇಕು. ಆಫ್ರಿಕದ ತಾಂಜಾನಿಯಾ ದೇಶದ ಲೇಟೋಲಿ ಎಂಬಲ್ಲಿ ಜ್ವಾಲಾಮುಖಿಯ ಬೂದಿಯ ಮೇಲೆ ಎರಡೇ ಕಾಲುಗಳಲ್ಲಿ ನಡೆದುಹೋದವರ ಹೆಜ್ಜೆಗುರುತುಗಳು ಸಿಕ್ಕಿವೆ, ಅವಕ್ಕೆ ಸುಮಾರು 36 ಲಕ್ಷ ವರ್ಷ ವಯಸ್ಸು. ಹಾಗೆ ಎದ್ದು ನಿಂತು ನಡೆಯುವುದಕ್ಕಾಗಿ ಸೊಂಟದ ಮೂಳೆ ಗಿಡ್ಡವಾಗಿ, ಬೋಗುಣಿಯಂತೆ ಬಾಗಿ, ಕರುಳು ಗರ್ಭಗಳ ಭಾರವನ್ನೆಲ್ಲ ಹೊರುವ ಆಕಾರಕ್ಕೆ ಬಂದಿತು. ಎಷ್ಟೋ ಕಾಲದ ಮೇಲೆ ತಲೆ ದೊಡ್ಡದಾಯಿತು. ದಾರಿ ಬಿಗಿ, ಹೊರೆ ದೊಡ್ಡದು. ಆ ದಾರಿಯಾದರೂ ನೇರವಾಗಿದೆಯೇ? ಒಳಗೆ ಹೋಗುವ ಬಾಯಿ ಅಡ್ಡಕ್ಕೆ ಅಗಲ, ಹೊರಗೆ ಬರುವ ಬಾಯಿ ಹಿಂದುಮುಂದಕ್ಕೆ ಉದ್ದ. ಆದ್ದರಿಂದ ಮಗುವಿನ ತಲೆ ಒಂದು ಪಕ್ಕಕ್ಕೆ ಮುಖ ಮಾಡಿ ಒಳಗಿಳಿದು, ಬೀಗದಲ್ಲಿ ಬೀಗದ ಕೈ ತಿರುಗಿದಂತೆ ನಡುದಾರಿಯಲ್ಲಿ ಕಾಲು ಸುತ್ತು ತಿರುಗಿ, ಸಾಮಾನ್ಯವಾಗಿ ತಾಯಿಯ ಬೆನ್ನಿನ ಕಡೆಗೆ ಮುಖ ಮಾಡಿ ಹೊರಗೆ ಬರುತ್ತದೆ. ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಬೇಕು. ಮಗುವಿನ ಮುಖ ತಾಯಿಗೆ ಕಾಣುವುದಿಲ್ಲ. ಅದರ ಬಾಯಿಯ ಲೋಳೆಯನ್ನು ಅವಳು ಒರೆಸಲಾರಳು, ಕತ್ತಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿದ್ದರೆ ಬಿಡಿಸಲಾರಳು, ತಾನೇ ಬಗ್ಗಿ ಎಳೆದುಕೊಂಡರೆ ಮಗುವಿನ ಕತ್ತು ಹಿಂದಕ್ಕೆ ಬಾಗಿ ಪೆಟ್ಟಾದೀತು. ಆ ಹೊತ್ತಿಗೆ ಅಲ್ಲಿ ಇನ್ನೊಬ್ಬರು ಇರಬೇಕು.

ಇದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ನಮ್ಮ ಅವ್ವ. ನಮ್ಮ ಕಡೆ ಅಜ್ಜಿಯನ್ನು ಅವ್ವ ಎನ್ನುವ ಮನೆಗಳಿವೆ, ನಮ್ಮದೂ ಅಂಥದೇ. ಅವ್ವ ಮುಳಬಾಗಿಲು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಸೂಲಗಿತ್ತಿ. ಓದು ಬರಹವಿಲ್ಲ, ಮಾತು ಅರ್ಧ ಕನ್ನಡ, ಅರ್ಧ ತೆಲುಗು. 1977ರ ಬೇಸಿಗೆ ರಜೆಯಲ್ಲಿ ನಾನು ಬೆಂಗಳೂರಿನಿಂದ ಊರಿಗೆ ಹೊರಟಾಗ, ರಜೆ ಮುಗಿದೊಡನೆ ಪರೀಕ್ಷೆಯಿದ್ದುದರಿಂದ, ಹಿರಿಯ ವಿದ್ಯಾರ್ಥಿನಿಯೊಬ್ಬಳ ಬಳಿ ಇದ್ದ, ತಂತಿಯಿಂದ ಬಿಗಿದು ಜೋಡಿಸಿದ ಸೊಂಟದ ಮೂಳೆಯನ್ನು ಎರವಲು ಕೇಳಿ ತಂದಿದ್ದೆ. ಈಗಿನಂತೆ ಪ್ಲಾಸ್ಟಿಕ್ಕಿನದಲ್ಲ, ಆಗ ನಾವು ಓದುತ್ತಿದ್ದುದೆಲ್ಲ ನಿಜವಾದ ಮನುಷ್ಯರ ಮೂಳೆಗಳನ್ನಿಟ್ಟುಕೊಂಡೇ. ಬಸ್ಸಿನಲ್ಲಿ ಕಂಡಕ್ಟರ್ ಚೀಲದಲ್ಲೇನಮ್ಮ ಎಂದು ಕೇಳಿದ್ದಕ್ಕೆ ಪುಸ್ತಕ ಎಂದು ಹೇಳಿ, ಮನೆಗೆ ಬಂದು ಮಂಚದ ಕೆಳಗೆ ಚಪ್ಪಲಿಗಳ ಪಕ್ಕಕ್ಕೆ ತಳ್ಳಿದ್ದೆ.

ಮೂರನೆಯ ದಿನ ಜಗಲಿಯ ಮೇಲೆ ಕುಳಿತು ಆ ಮೂಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿನ ತಲೆ ತಿರುಗುವ ಕ್ರಮವನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಾಗ ಅವ್ವ ಬಂದಳು. "ಏನು ಪಾಪ ಅದು?" ಎಂದಳು. ಸೊಂಟದ ಮೂಳೆ ಎಂದೆ. "ದನದ್ದಾ?" ಎಂದಳು. ಮನುಷ್ಯರದು ಎಂದೆ. ಈಗ ನನ್ನನ್ನು ಮನೆಯಿಂದ ಆಚೆ ಕಳುಹಿಸುತ್ತಾಳೆ ಎಂದು ನಾನು ಹೆದರಿಕೊಂಡಿದ್ದರೆ, ಅವಳು ಹಿತ್ತಲಿಗೆ ಹೋಗಿ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು ಬಂದು ನನ್ನ ಮುಂದೆ ಕುಳಿತು ಎರಡೂ ಕೈ ಚಾಚಿದಳು. ಆ ವೇಳೆಗೆ ಅವಳ ಕಣ್ಣಿಗೆ ಪೊರೆ ಬಂದಿತ್ತು. ಅವಳು ನೋಡುತ್ತಿದ್ದುದು ಬೆರಳಿನಿಂದ. ಮುಂಭಾಗದ ಕಮಾನಿನ ಕೆಳಗೆ ಎರಡೂ ಹೆಬ್ಬೆರಳುಗಳನ್ನು ಇಟ್ಟವಳೇ "ಹೆಂಗಸು" ಎಂದಳು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಮಗು ಬರೋ ಬಾಗಿಲು ನಂಗೆ ಗೊತ್ತಾಗಲ್ವಾ?" ಎಂದಳು. ಆ ಕಮಾನು ಹೆಂಗಸರಲ್ಲಿ ಅಗಲವಾಗಿರುತ್ತದೆ ಎಂಬುದನ್ನು ನಾನು ಕೋನದ ಲೆಕ್ಕದಲ್ಲಿ ಬರೆದು ಬಾಯಿಪಾಠ ಮಾಡಿಕೊಂಡಿದ್ದೆ.

ಆಮೇಲೆ ಅವಳು ಬಲಗೈಯನ್ನು ಮುಷ್ಟಿ ಕಟ್ಟಿ ಮೇಲಿನ ಬಾಯಿಯಿಂದ ಅಡ್ಡಲಾಗಿ ಒಳಗಿಳಿಸಿದಳು. ಅರ್ಧಕ್ಕೆ ಬಂದಾಗ ಅವಳ ಮಣಿಕಟ್ಟು ತಾನಾಗಿ ತಿರುಗಿತು. ಕೆಳಗಿನ ಬಾಯಿಯಿಂದ ಮುಷ್ಟಿ ಹೊರಗೆ ಬರುವುದರೊಳಗೆ ಎಡಗೈ ಬಟ್ಟಲಿನಂತೆ ಅಲ್ಲಿ ಬಂದು ನಿಂತಿತ್ತು. "ಹಿಂಗಿಳಿದು, ಹಿಂಗೆ ತಿರುಗಿ, ಅಮ್ಮನ ಬೆನ್ನು ನೋಡ್ಕೊಂಡು ಬರ್ತದೆ. ಅದಕ್ಕೇ ಕೆಳಗೊಂದು ಕೈ ಇರ್ಬೇಕು" ಎಂದಳು. ಮೂರು ವಾರದಿಂದ ನಾನು ಒದ್ದಾಡುತ್ತಿದ್ದ ಪಾಠ ಅಷ್ಟರಲ್ಲಿ ಮುಗಿದುಹೋಯಿತು. ಬರಿಯ ಮೂಳೆಯನ್ನು ಅವಳು ಅಂದಿನವರೆಗೆ ಕೈಯಲ್ಲಿ ಹಿಡಿದವಳಲ್ಲ ಎಂಬುದು ನೆನಪಿರಲಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. "ಇವಳ ಹೆಸರೇನು?" ಎಂದು ಅವ್ವ ಕೇಳಿದಳು. ಗೊತ್ತಿಲ್ಲ ಎಂದೆ. ಊರು? ಗೊತ್ತಿಲ್ಲ. ಮಕ್ಕಳು ಮರಿ? ನನ್ನ ಬಳಿ ಯಾವ ಉತ್ತರವೂ ಇರಲಿಲ್ಲ. ಹಾಗೆ ಕೇಳಬೇಕೆಂದು ನನಗೆ ತೋಚಿಯೂ ಇರಲಿಲ್ಲ. ಅವ್ವ ಎದ್ದು ಹೋಗಿ ಮೊರ ತಂದು, ಅದರಲ್ಲಿ ಎರಡು ಹಿಡಿ ರಾಗಿ ಹರಡಿ, ಮೇಲೆ ಮೆತ್ತಗಾದ ಹಳೆಯ ಸೀರೆಯ ತುಂಡು ಹಾಸಿ, ಆ ಮೂಳೆಯನ್ನು ಅದರ ಮೇಲೆ ಮಲಗಿಸಿದಳು. ನಮ್ಮೂರಿನಲ್ಲಿ ಆಗ ತಾನೇ ಹುಟ್ಟಿದ ಮಗುವನ್ನು ಮಲಗಿಸುತ್ತಿದ್ದುದು ಹಾಗೆಯೇ. ಒಳಗಿನಿಂದ ಬಂದ ಅಮ್ಮ ಇದನ್ನು ಕಂಡು ಸೂತಕದ ವಸ್ತು ಮನೆಯೊಳಗೇ, ಅದೂ ಧಾನ್ಯದ ಮೇಲೆಯೇ ಎಂದು ಕೂಗಾಡಿದರು. ಅವ್ವ ದನಿ ಏರಿಸಲಿಲ್ಲ. "ಹುಟ್ಟಿದಾಗ ಇವಳನ್ನೂ ಯಾರೋ ಹಿಡಿದಿರ್ತಾರಲ್ಲ" ಎಂದಷ್ಟೇ ಹೇಳಿ ಒಲೆಯ ಕಡೆಗೆ ಹೋದಳು. ರಜೆ ಮುಗಿಯುವವರೆಗೂ ಆ ಹೆಸರಿಲ್ಲದವಳು ನಮ್ಮ ಮನೆಯ ಮೊರದಲ್ಲಿ ಮಲಗಿದ್ದಳು. ನಾನು ಎತ್ತಿಕೊಂಡು ಅಳತೆ ನೋಡಿ ಮತ್ತೆ ಅಲ್ಲಿಯೇ ಮಲಗಿಸುತ್ತಿದ್ದೆ. ಹಿಂದಿರುಗಿಸಿದ ಮೇಲೆ ಆ ವಿದ್ಯಾರ್ಥಿನಿ ಕೀಲಿನ ಸಂದಿಯಲ್ಲಿ ಸಿಕ್ಕಿದ ಒಂದು ರಾಗಿ ಕಾಳನ್ನು ಹಿಡಿದು ತಂದು ಇದೇನೆಂದು ಕೇಳಿದಳು. ಅವಳಿಗೆ ಏನು ಹೇಳಿದೆನೋ ಮರೆತಿದ್ದೇನೆ. ಮುಂದೆ ನಾನು ಅಧ್ಯಾಪಕಿಯಾದಾಗ, ಮೇಜಿನ ಮೇಲೆ ಬಟ್ಟೆ ಹಾಸದೆ ಮೂಳೆಯಿಡಲು ಯಾರನ್ನೂ ಬಿಡಲಿಲ್ಲ. ಹುಡುಗರು ಬೆನ್ನ ಹಿಂದೆ ನಗುತ್ತಿದ್ದುದು ನನಗೆ ಗೊತ್ತು.

ನಾನು ಬರೆದು ತಂದ ಹಾಳೆಗಳಲ್ಲಿ ಅರ್ಧವನ್ನು ಅವ್ವನೇ ತುಂಬಿಕೊಂಡಿದ್ದಾಳೆ, ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಹೆರಿಗೆ ಮನೆಯಲ್ಲೇ ಆಗಲಿ ಎಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ಯಾರೂ ಭಾವಿಸಬಾರದು. ರಕ್ತಸ್ರಾವವನ್ನೂ ನಂಜನ್ನೂ ತಡೆಯಲು ಆಸ್ಪತ್ರೆ ಬೇಕೇ ಬೇಕು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ, ವೈದ್ಯರು ಸುಲಭವಾಗಿ ಸಿಗದ ಕಾಲದಲ್ಲಿ ಚಾಚಿದ್ದ ಎರಡು ಕೈಗಳಿಗೆ ಆ ಗೌರವ ಸಂದಿತೆಂದೇ ನಾನು ತಿಳಿದೆ. ಇಂದು ಆ ಕೈಗಳ ಕೆಲಸವನ್ನು ದಾದಿಯರೂ ವೈದ್ಯರೂ ಮಾಡುತ್ತಾರೆ. ಆದರೆ ನೋವು ತಿನ್ನುತ್ತಿರುವ ಹುಡುಗಿಯೊಬ್ಬಳನ್ನು ಹಾಸಿಗೆಯ ಮೇಲೆ ಒಂಟಿಯಾಗಿ ಬಿಟ್ಟು, ಅವಳು ಕೂಗಿದಾಗ ಗದರಿಸಿ ಬಾಯಿ ಮುಚ್ಚಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆ ವಿಷಯದಲ್ಲಿ ನನಗೆ ಇಂದಿಗೂ ತಾಳ್ಮೆಯಿಲ್ಲ. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಹೆಂಗಸು ಇರಲು ಸರ್ಕಾರವೇ ಅವಕಾಶ ಕೊಟ್ಟಿದೆ. ಕೇಳಿ ಪಡೆದುಕೊಳ್ಳಿ, ಸಂಕೋಚಪಡಬೇಡಿ.

ಇನ್ನು ಆತ್ಮದ ಮಾತು. ಆತ್ಮ ಎಲ್ಲಿಂದ ಬರುತ್ತದೆ ಎಂದು ನನ್ನನ್ನು ಕೇಳಿದರೆ ನಾನು ಮೇಲಕ್ಕೆ ಕೈ ತೋರಿಸುವುದಿಲ್ಲ, ಪಕ್ಕಕ್ಕೆ ತೋರಿಸುತ್ತೇನೆ. ಹುಟ್ಟಿ ಮೂರು ದಿನವೂ ಆಗದ ಹಸುಗೂಸುಗಳು ಬೇರೆ ಹೆಂಗಸಿನ ದನಿಗಿಂತ ತಮ್ಮ ತಾಯಿಯ ದನಿ ಕೇಳಿಸಲೆಂದು ಚೀಪುವ ರೀತಿಯನ್ನೇ ಬದಲಿಸಿಕೊಳ್ಳುತ್ತವೆ ಎಂಬುದನ್ನು 1980ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ನಮ್ಮ ಚರ್ಮದಲ್ಲಿ, ವಿಶೇಷವಾಗಿ ರೋಮವಿರುವ ಕಡೆ, ಒಂದು ಬಗೆಯ ಸೂಕ್ಷ್ಮ ನರಗಳಿವೆ. ಚುಚ್ಚಿದ್ದನ್ನೋ ಸುಟ್ಟದ್ದನ್ನೋ ಸಾರಿ ಹೇಳುವುದು ಅವುಗಳ ಕೆಲಸವಲ್ಲ. ಸೆಕೆಂಡಿಗೆ ಕೆಲವೇ ಸೆಂಟಿಮೀಟರಿನಷ್ಟು ನಿಧಾನವಾಗಿ, ಮೃದುವಾಗಿ ಸವರಿದಾಗಲೇ ಅವು ಚೆನ್ನಾಗಿ ಮಿಡಿಯುವುದು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಸವರುವ ಅಜ್ಜಿಯ ಕೈ ಹೆಚ್ಚು ಕಡಿಮೆ ಅದೇ ವೇಗದಲ್ಲಿ ಸಾಗುತ್ತದೆ. ದೇಹದ 206 ಮೂಳೆಗಳಲ್ಲಿ 54 ಮೂಳೆಗಳು ಎರಡು ಕೈಗಳ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಇವೆ, ಅಂದರೆ ಕಾಲು ಪಾಲಿಗಿಂತ ಹೆಚ್ಚು. ಸವರುವುದಕ್ಕೆ ಅಷ್ಟು ಸೊಗಸಾದ ಕೈ, ಸವರಿಸಿಕೊಳ್ಳುವುದಕ್ಕೇ ಬೇರೆಯಾದ ನರ. ಮನುಷ್ಯ ಹುಟ್ಟುವುದು ಇನ್ನೊಬ್ಬರ ಕೈಗೆ ಎಂದು ನಾನು ಸುಮ್ಮನೆ ಹೇಳುತ್ತಿಲ್ಲ.

ಮುಪ್ಪಿನ ಬಗ್ಗೆ ಎರಡು ಹಾಳೆ ಬರೆದಿದ್ದೆ, ಒಂದೇ ಸಂಗತಿ ಹೇಳಿ ನಿಲ್ಲಿಸುತ್ತೇನೆ. ಜಾರ್ಜಿಯಾ ದೇಶದ ದ್ಮನಿಸಿ ಎಂಬಲ್ಲಿ ಸುಮಾರು 17 ಲಕ್ಷದ 70 ಸಾವಿರ ವರ್ಷ ಹಿಂದಿನ ಒಂದು ತಲೆಬುರುಡೆ ಸಿಕ್ಕಿದೆ. ಅದರ ಬಾಯಲ್ಲಿ ಒಂದು ಕೋರೆಹಲ್ಲು ಬಿಟ್ಟರೆ ಬೇರೆ ಹಲ್ಲುಗಳೆಲ್ಲ ಬದುಕಿದ್ದಾಗಲೇ ಉದುರಿಹೋಗಿ, ಅವು ಕೂತಿದ್ದ ಗುಳಿಗಳು ತುಂಬಿಕೊಂಡು ನುಣುಪಾಗಿವೆ. ಗುಳಿ ಹಾಗೆ ತುಂಬಿಕೊಳ್ಳಲು ವರ್ಷಗಳು ಬೇಕು. ಅಗಿಯಲಾರದ ಆ ಮುದಿಜೀವ ಅಷ್ಟು ವರ್ಷ ಬದುಕಿದ್ದು ಹೇಗೆ? ಯಾರೋ ಜಜ್ಜಿ, ಮೆದುಮಾಡಿ, ಕೈಗೆ ಕೊಟ್ಟಿದ್ದಾರೆಂದೇ ನಾನು ತಿಳಿಯುತ್ತೇನೆ. ಆ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗಲೆಲ್ಲ ನಮ್ಮ ಕಡೆಯ ಹುಡುಗರು ತಟ್ಟನೆ ಉತ್ತರ ಹೇಳುತ್ತಿದ್ದರು: "ಮುದ್ದೆ ಅಗಿಯೋ ಹಾಗಿಲ್ಲ ಮೇಡಂ, ನುಂಗೋದೇ." ಈಗ ನಿಮ್ಮ ಮನೆಗಳಲ್ಲಿ ಎಸರು ಕುದಿಯುತ್ತಿರಬಹುದು. ಹಲ್ಲಿಲ್ಲದವರು ಯಾರಾದರೂ ಮೂಲೆಯಲ್ಲಿ ಕುಳಿತು ಇದನ್ನು ಕೇಳುತ್ತಿದ್ದರೆ ಅವರ ಮುದ್ದೆಯನ್ನು ಸ್ವಲ್ಪ ಸಡಿಲವಾಗಿ ಕಟ್ಟಿ, ಬಸ್ಸಾರು ಒಂದು ಸೌಟು ಜಾಸ್ತಿ ಹಾಕಿ, ಪಕ್ಕದಲ್ಲಿ ಕುಳಿತು ಉಣಿಸಿ. ನಮಸ್ಕಾರ.