ಇಬ್ಬರು ಮೇಷ್ಟ್ರು, ಐದು ತರಗತಿ

ಕೇಳುಗರಿಗೆಲ್ಲ ನಮಸ್ಕಾರ.

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಹೆಚ್ಚಿನವರು ‘ಸೀಟು’ ಅನ್ನುತ್ತಾರೆ. ಖಾಸಗಿ ಶಾಲೆಯಲ್ಲಿ ಫೀಸಿಲ್ಲದ ಸೀಟು. ಅದಕ್ಕೊಂದು ಅರ್ಜಿ, ಆದಾಯ ಪ್ರಮಾಣಪತ್ರಕ್ಕೆ ಓಡಾಟ, ಆಮೇಲೆ ಲಾಟರಿ.

ಅದು ಸುಳ್ಳಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಶೇ 25ರಷ್ಟು ಸೀಟಿನ ಮಾತಿದೆ. ಆದರೆ ಆ ಒಂದು ಸೆಕ್ಷನ್ ಹಿಡಿದುಕೊಂಡು ಉಳಿದದ್ದನ್ನು ನಾವು ಮರೆತೆವು ಅಂತ ನನಗೆ ಅನಿಸುತ್ತದೆ.

2019ರಲ್ಲಿ ಕರ್ನಾಟಕ ಸರ್ಕಾರ ನಿಯಮ ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಅಂದಿತು. ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಎಷ್ಟೋ ಅಪ್ಪ ಅಮ್ಮಂದಿರು ಬೇಸರಪಟ್ಟರು. ಸರ್ಕಾರದ ದುಡ್ಡು ಸರ್ಕಾರಿ ಶಾಲೆಗೇ ಹೋಗಲಿ ಅನ್ನುವ ಮಾತು ನನಗೂ ಒಪ್ಪಿಗೆಯೇ. ಆದರೆ ‘ಅಲ್ಲಿ ಬೇಡ, ಇಲ್ಲಿಗೆ ಬಾ’ ಅಂತ ಮಗುವನ್ನು ಕರೆದ ಮೇಲೆ ಇಲ್ಲಿ ಕಲಿಸೋಕೆ ಜನ ಇರಬೇಕು, ಅಲ್ವಾ?

ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಒಂದರಿಂದ ಐದರವರೆಗೆ ತರಗತಿ. ಇಬ್ಬರು ಶಿಕ್ಷಕರು. ಆ ದಿನ ಒಬ್ಬರು ಮತದಾರರ ಪಟ್ಟಿಯ ಕೆಲಸಕ್ಕೆ ಹೋಗಿದ್ದರು. ಉಳಿದ ಮೇಡಂ ಬಾಗಿಲಲ್ಲಿ ನಿಂತು ನಾಲ್ಕನೇ ತರಗತಿಗೆ ಭಾಗಾಕಾರ ಹೇಳುತ್ತಿದ್ದರು. ಬೆನ್ನ ಹಿಂದೆ ನಲಿಕಲಿ ಕೊಠಡಿ, ಅಂದರೆ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ಕಲಿಯುವ ಕೋಣೆ. ಅಲ್ಲಿ ಒಂದನೇ ತರಗತಿಯ ಹುಡುಗಿಯೊಬ್ಬಳು ಬರೆದ ಸ್ಲೇಟನ್ನು ಎತ್ತಿ ಹಿಡಿದಿದ್ದಳು. ಕೈ ಸೋತಿತು, ಇನ್ನೊಂದು ಕೈಗೆ ಬದಲಿಸಿದಳು. ಮೇಡಂ ತಿರುಗಲಿಲ್ಲ, ತಿರುಗುವ ಹಾಗೂ ಇರಲಿಲ್ಲ. ಕೊನೆಗೆ ಅವಳೇ ಅಂಗೈಯಿಂದ ಉಜ್ಜಿ ಅಳಿಸಿ, ಮತ್ತೆ ಅದನ್ನೇ ಬರೆಯೋಕೆ ಶುರು ಮಾಡಿದಳು. ಬರೆದದ್ದು ಸರಿ ಇತ್ತೋ ತಪ್ಪಿತ್ತೋ, ಯಾರೂ ನೋಡಲಿಲ್ಲ.

ನೋವಿನ ವಿಷಯ ಏನು ಗೊತ್ತಾ? ಅಲ್ಲಿ ಇಬ್ಬರೇ ಶಿಕ್ಷಕರಿದ್ದದ್ದು ಕಾಯ್ದೆಯ ಪ್ರಕಾರ ತಪ್ಪಾಗಿರಲಿಲ್ಲ. ಪ್ರಾಥಮಿಕ ಹಂತದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು ಅನ್ನುತ್ತದೆ ಅದರ ಅನುಸೂಚಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಕೆಲಸಕ್ಕೆ ಶಿಕ್ಷಕರನ್ನು ಕಳಿಸಬಹುದು ಅನ್ನುತ್ತದೆ 27ನೇ ಸೆಕ್ಷನ್. ಕಾಯ್ದೆ ಮಕ್ಕಳ ತಲೆ ಎಣಿಸಿತು, ತರಗತಿ ಎಣಿಸಲಿಲ್ಲ. ದುಡ್ಡಿದ್ದವರ ಮಗುವಿಗೆ ತರಗತಿಗೊಬ್ಬರು ಟೀಚರ್, ಕೂಲಿಯವರ ಮಗುವಿಗೆ ಐದು ತರಗತಿಗೆ ಇಬ್ಬರು. ಇದನ್ನು ಸಮಾನತೆ ಅಂತ ನಾನು ಹೇಗೆ ಕರೆಯಲಿ? ತರಗತಿಗೊಬ್ಬ ಶಿಕ್ಷಕರು ಅಂತ ಆ ಅನುಸೂಚಿ ಬದಲಾಗಲೇಬೇಕು.

ಅದು ಬದಲಾಗುವ ತನಕ ಸುಮ್ನೆ ಕೂರಬೇಕಿಲ್ಲ. 1976ರಲ್ಲಿ ಶಿಕ್ಷಣ ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಗೆ ಬಂತು. ಈಗ ಕಾಯ್ದೆ ದೆಹಲಿಯದು, ನಿಯಮ, ನೇಮಕಾತಿ, ವರ್ಗಾವಣೆ ಬೆಂಗಳೂರಿನದು. ಊರಿನ ಪಾಲಿಗೆ ಉಳಿದಿರುವುದು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಎಷ್ಟೋ ಕಡೆ ಅದೂ ಬರೀ ಸಹಿಯ ಲೆಕ್ಕ. ಕೂಲಿಗೆ ಹೊರಟ ತಾಯಿಯನ್ನು ಗೇಟಿನ ಹತ್ತಿರ ನಿಲ್ಲಿಸಿ ‘ಇಲ್ಲೊಂದು ಸಹಿ ಹಾಕಮ್ಮ’ ಅಂತ ಪುಸ್ತಕ ಚಾಚುತ್ತಾರೆ. ಏನು ಬರೆದಿದೆ ಅಂತ ಅವರು ಓದಿರುವುದಿಲ್ಲ, ಯಾರೂ ಓದಿ ಹೇಳುವುದೂ ಇಲ್ಲ.

ಆ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಕಾಯ್ದೆಯಲ್ಲೇ ಇದೆ. ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಜಾಸ್ತಿ ಖಾಲಿ ಇರಬಾರದು ಅಂತ 26ನೇ ಸೆಕ್ಷನ್ ಹೇಳುತ್ತದೆ. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಸಮಿತಿಯ ಕೆಲಸ. ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರ.

ನಿಮ್ಮ ಮಗು ಸರ್ಕಾರಿ ಶಾಲೆಯಲ್ಲಿದ್ದರೆ ಮುಂದಿನ ಸಭೆಗೆ ಹೋಗಿ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಅಂತ ಕೇಳಿ. ಸಿಕ್ಕಿದ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ. ಅದರ ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಮಸ್ಕಾರ.