ಹೀಬ್ರೂ, ಗ್ರೀಕ್ ಕಲಿಯಲು ಇಂಗ್ಲಿಷಿನ ಸುತ್ತುದಾರಿ ಬೇಕಿಲ್ಲ

(ಬೆಳಗಾವಿಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಸಭಾಪಾಲಕರಿದ್ದೀರಿ, ಭಾಷಾ ಶಿಕ್ಷಕರಿದ್ದೀರಿ, ಸಂಸ್ಕೃತ ಓದಿದವರೂ ಇದ್ದೀರಿ. ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಬಹುಪಾಲು ಹೀಬ್ರೂ ಭಾಷೆಯಲ್ಲಿದೆ. ದಾನಿಯೇಲ, ಎಜ್ರ ಪುಸ್ತಕಗಳ ಕೆಲವು ಭಾಗ ಅರಾಮಿಕ್. ಹೊಸ ಒಡಂಬಡಿಕೆ ಇರುವುದು ಕೊಯಿನೆ ಗ್ರೀಕಿನಲ್ಲಿ, ಅಂದರೆ ಆ ಕಾಲದ ಜನ ಪೇಟೆಯಲ್ಲಿ, ಮನೆಯಲ್ಲಿ ಆಡುತ್ತಿದ್ದ ಗ್ರೀಕಿನಲ್ಲಿ. ಈ ಭಾಷೆಗಳನ್ನು ನಮ್ಮ ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬುದರ ಬಗ್ಗೆ ನಾನು ಇವತ್ತು ಹೇಳುವುದು ಒಂದೇ ಮಾತು: ಕನ್ನಡದ ಮೂಲಕ ಕಲಿಸಬೇಕು, ಬಾಯಿಂದ ಶುರುಮಾಡಬೇಕು.

ಈಗ ಏನಾಗುತ್ತಿದೆ ನೋಡಿ. ಅಥಣಿಯಲ್ಲೋ ಜಮಖಂಡಿಯಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ದೇವತಾಶಾಸ್ತ್ರ ಕಲಿಯಲು ಹೋಗುತ್ತಾನೆ. ಅವನ ಕೈಗೆ ಬರುವ ಗ್ರೀಕ್ ವ್ಯಾಕರಣ ಇಂಗ್ಲಿಷಿನದು. ಪಾರ್ಟಿಸಿಪಲ್ ಅಂದರೇನು, ಡೇಟಿವ್ ಅಂದರೇನು ಎಂದು ಮೊದಲು ಇಂಗ್ಲಿಷ್ ವ್ಯಾಕರಣ ಕಲಿತು, ಆಮೇಲೆ ಗ್ರೀಕಿಗೆ ಬರಬೇಕು. ಕೋಷ್ಟಕಗಳನ್ನು ಬಾಯಿಪಾಠ ಮಾಡುತ್ತಾನೆ, ಪಾಸಾಗುತ್ತಾನೆ, ಪುಸ್ತಕವನ್ನು ಕಪಾಟಿನಲ್ಲಿ ಇಡುತ್ತಾನೆ. ಅವನ ಬುದ್ಧಿಗೇನೂ ಕೊರತೆಯಿಲ್ಲ. ಎರಡು ಭಾಷೆಯ ಭಾರವನ್ನು ಒಟ್ಟಿಗೇ ಹೊರಿಸಿದ್ದು ನಾವು.

ಬೆಳಗಾವಿಗೆ ಲಂಡನ್ ಮಿಷನ್ನಿನವರು ಬಂದದ್ದು 1820ರಲ್ಲಿ. ಬಾಸೆಲ್ ಮಿಷನ್ನಿನ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ. ಹೀಬ್ರೂ, ಗ್ರೀಕ್ ಓದಿಕೊಂಡೇ ಬಂದ ಆತ ಕನ್ನಡವನ್ನು ಎಷ್ಟು ಆಳವಾಗಿ ಕಲಿತನೆಂಬುದಕ್ಕೆ 1894ರ ನಿಘಂಟು ಸಾಕ್ಷಿ. ಅದರಲ್ಲಿ ನಮ್ಮ ಗಾದೆಗಳೂ ಸೇರಿಕೊಂಡಿವೆ. ಹೀಬ್ರೂ ಬಲ್ಲವರು ಕನ್ನಡಕ್ಕೆ ಬರುವ ದಾರಿ ಹೀಗೆ ತೆರೆಯಿತು. ಕನ್ನಡ ಬಲ್ಲವರು ಹೀಬ್ರೂಗೆ ಹೋಗುವ ದಾರಿ ಮಾತ್ರ ಇಂದಿಗೂ ಇಂಗ್ಲಿಷಿನ ಮೇಲೆಯೇ ಹಾದುಹೋಗುತ್ತಿದೆ. ನನಗೆ ಇದು ಬಹಳ ನೋವಿನ ವಿಷಯ.

ಯಾಕೆಂದರೆ ಈ ಭಾಷೆಗಳನ್ನು ವಿವರಿಸಲು ಎಷ್ಟೋ ಕಡೆ ಇಂಗ್ಲಿಷಿಗಿಂತ ಕನ್ನಡ ಹೆಚ್ಚು ಅನುಕೂಲ. ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಕಥೆ ಹೇಳುವ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಮನೆ ಬಿಟ್ಟು ಹೋದ ಕಿರಿಯ ಮಗ ತಿರುಗಿ ಬರುವ ಕಡೆ, 20ನೇ ವಚನದಲ್ಲಿ, 'ಅನಸ್ತಾಸ್ ಏಲ್ಥೆನ್' ಎಂದಿದೆ. 'ಎದ್ದು ಬಂದನು.' ಅಷ್ಟೇ. 'ಅನಸ್ತಾಸ್' ಎಂಬ ಆ ರೂಪವನ್ನು ವಿವರಿಸಲು ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ತೆಗೆದುಕೊಳ್ಳುತ್ತವೆ, ಏಕೆಂದರೆ ಸಹಜವಾದ ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಎರಡು ಕ್ರಿಯಾಪದಗಳನ್ನು 'ಮತ್ತು' ಹಾಕಿ ಜೋಡಿಸಬೇಕಾಗುತ್ತದೆ. ನಮ್ಮ ಹುಡುಗನಿಗೆ ಕೃದಂತಾವ್ಯಯ ಅನ್ನಿ, ಎದ್ದು, ಹೋಗಿ, ನೋಡಿ, ಕೇಳಿ ಎಂದು ನಾಲ್ಕು ಉದಾಹರಣೆ ಕೊಡಿ. ಗ್ರೀಕಿನಲ್ಲಿ ಈ ರೂಪಕ್ಕೆ ಲಿಂಗ, ವಚನ, ವಿಭಕ್ತಿಯೂ ಹತ್ತುತ್ತವೆ ಎಂಬುದೊಂದನ್ನು ಆಮೇಲೆ ಸೇರಿಸಿದರಾಯಿತು.

ವಿಭಕ್ತಿಯ ಕಥೆಯೂ ಹಾಗೆಯೇ. ಪ್ರಾಥಮಿಕ ಶಾಲೆಯಲ್ಲೇ ನಾವು ವಿಭಕ್ತಿ ಪ್ರತ್ಯಯ ಹೇಳಿದವರು. ನಮ್ಮ ತೃತೀಯಾ, ಚತುರ್ಥೀ, ಸಪ್ತಮಿಗಳು ಮಾಡುವ ಕೆಲಸವನ್ನು ಗ್ರೀಕಿನಲ್ಲಿ ಹೆಚ್ಚಾಗಿ ಒಂದೇ ವಿಭಕ್ತಿ ಹೊತ್ತುಕೊಳ್ಳುತ್ತದೆ. ಪಂಚಮೀ, ಷಷ್ಠಿಗಳ ಕೆಲಸವನ್ನು ಇನ್ನೊಂದು. ಹೀಗೆ ಹೇಳಿದರೆ ಗೊಂದಲವೇ ಇಲ್ಲ. ಹೀಬ್ರೂವಿನಲ್ಲಿ 'ಹಾಲಖ್' ಅಂದರೆ ಹೋದನು, 'ಹಾಲ್ಖಾ' ಅಂದರೆ ಹೋದಳು. ಕ್ರಿಯಾಪದದಲ್ಲೇ ಗಂಡು-ಹೆಣ್ಣು ತಿಳಿಯುತ್ತದೆ, ನಮ್ಮಂತೆಯೇ. 'ನನಗೆ ಇಬ್ಬರು ಮಕ್ಕಳಿದ್ದಾರೆ' ಎನ್ನುವಾಗ ನಾವು ಚತುರ್ಥಿ ಬಳಸುತ್ತೇವಲ್ಲ, ಹೀಬ್ರೂವಿನಲ್ಲೂ 'ನನಗೆ' ಎಂದೇ ಹೇಳುವುದು. ಇನ್ನು ಹಳೆ ಒಡಂಬಡಿಕೆಯ 23ನೇ ಕೀರ್ತನೆಯ ಮೊದಲ ಮಾತು: 'ಯೆಹೋವನು ನನಗೆ ಕುರುಬನು'. ಇದರಲ್ಲಿ ಕ್ರಿಯಾಪದವಿಲ್ಲ. ಹೀಬ್ರೂ ಮೂಲದಲ್ಲೂ ಇಲ್ಲ.

ಎಲ್ಲವೂ ಸುಲಭವೆಂದು ನಾನು ಹೇಳುತ್ತಿಲ್ಲ. ನಮಗೆ ಗಾಳಿ, ಊರು, ಕಲ್ಲು ಎಲ್ಲವೂ ನಪುಂಸಕ. ಹೀಬ್ರೂವಿನಲ್ಲಿ ಪ್ರತಿಯೊಂದು ವಸ್ತುವೂ ಪುಲ್ಲಿಂಗ ಇಲ್ಲವೆ ಸ್ತ್ರೀಲಿಂಗ. ಗ್ರೀಕಿನಲ್ಲಿ ಮೂರೂ ಲಿಂಗಗಳು ವಸ್ತುಗಳಿಗೂ ಹಂಚಿಹೋಗಿವೆ. ಕನ್ನಡ ಮಾತ್ರ ಬಲ್ಲವರು ಇಲ್ಲಿ ತಡವರಿಸುತ್ತಾರೆ. ಆದರೆ ಬೆಳಗಾವಿಯವರಿಗೆ ಮರಾಠಿಯ 'ತೋ, ತೀ, ತೇ' ಬಾಲ್ಯದಿಂದ ಗೊತ್ತು. ಹೀಬ್ರೂವಿನ ಗಂಟಲ ಅಕ್ಷರಗಳಿಗೆ, ಮೂರು ವ್ಯಂಜನದ ಧಾತುವಿಗೆ, ವಿಜಯಪುರದ ಕಡೆ ಅರಬ್ಬಿ ಓದಿದವರು ಒಳ್ಳೆಯ ಜೊತೆಗಾರರು, ಅರಬ್ಬಿಯೂ ಹೀಬ್ರೂವೂ ಒಂದೇ ಸೆಮಿಟಿಕ್ ಕುಟುಂಬದವು. ಒಂದೇ ತರಗತಿಯಲ್ಲಿ ಇಂಥವರನ್ನು ಅಕ್ಕಪಕ್ಕ ಕೂರಿಸುವ ಅವಕಾಶ ನಮ್ಮ ಸೀಮೆಯಲ್ಲಿದೆ. ಅದನ್ನು ಕೈಬಿಡಬಾರದು.

ಈಗ ಬಾಯಿಂದ ಶುರುಮಾಡುವ ಮಾತಿಗೆ ಬರುತ್ತೇನೆ. ಮೊದಲ ದಿನ ಪುಸ್ತಕ ಬೇಡ. ಶಿಕ್ಷಕ 'ಕೂಮ್' ಅಂದು ತಾನೇ ಎದ್ದು ನಿಲ್ಲಲಿ, 'ಶೇವ್' ಅಂದು ಕೂರಲಿ, 'ಲೇಖ್' ಅಂದು ನಡೆದು ತೋರಿಸಲಿ. ಹುಡುಗನಿಗೆ 'ಕೂಮ್', ಹುಡುಗಿಗೆ 'ಕೂಮೀ', ಎಲ್ಲರಿಗೂ ಸೇರಿಸಿ 'ಕೂಮೂ'. ಲಿಂಗ, ವಚನ ಎಂಬ ಹೆಸರನ್ನೇ ಎತ್ತದೆ ಇಡೀ ತರಗತಿ ಎದ್ದು ಕೂತು ಅದನ್ನು ಕಲಿತಿರುತ್ತದೆ. ಕೆಲವು ದಿನ ಇದಾದ ಮೇಲೆ ಹಳೆ ಒಡಂಬಡಿಕೆಯಲ್ಲಿರುವ ಪ್ರವಾದಿ ಯೋನನ ಪುಸ್ತಕ ತೆರೆಯಿರಿ. ಎರಡನೇ ವಚನದಲ್ಲೇ ದೇವರ ಮಾತು: 'ಕೂಮ್, ಲೇಖ್ ಎಲ್ ನೀನ್ವೇ'. ಏಳು, ನಿನೆವೆಗೆ ಹೋಗು. ವಿದ್ಯಾರ್ಥಿಗೆ ಇದನ್ನು ಯಾರೂ ಅನುವಾದಿಸಿ ಕೊಡಬೇಕಿಲ್ಲ. ಮೂರನೇ ವಚನದಲ್ಲಿ 'ವಯ್ಯಾಕೊಮ್ ಯೋನಾ', ಯೋನನು ಎದ್ದ. ಕೇಳುವವನಿಗೆ ಇನ್ನೇನು ನಿನೆವೆಗೆ ಹೊರಟ ಅನ್ನಿಸುತ್ತದೆ. ಎದ್ದದ್ದು ತಾರ್ಷೀಷಿಗೆ ಓಡಿಹೋಗಲು! ಅಪ್ಪಣೆಯ ಅದೇ ಕ್ರಿಯಾಪದ ಅವಿಧೇಯತೆಗೆ ಬಳಕೆಯಾದದ್ದನ್ನು ಹುಡುಗರು ತಾವಾಗಿ ಗುರುತಿಸುತ್ತಾರೆ. ಮೂಲಭಾಷೆಯಲ್ಲಿ ಓದಬೇಕು ಎನ್ನುವುದು ಇದಕ್ಕಾಗಿಯೇ. ಹೀಬ್ರೂ ಕಥನದ ಬೆನ್ನೆಲುಬಾದ ಆ 'ವ' ಹತ್ತಿದ ಕ್ರಿಯಾರೂಪವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ.

ಅದೇ ಅಧ್ಯಾಯದ ನಾಲ್ಕನೇ ವಚನದಲ್ಲಿ ದೊಡ್ಡ ಗಾಳಿ, 'ರೂಅಖ್ ಗೆದೋಲಾ'. ಕೂಡಲೇ ದೊಡ್ಡ ಬಿರುಗಾಳಿ, 'ಸಅರ್ ಗಾದೋಲ್'. ಗಾಳಿ ಸ್ತ್ರೀಲಿಂಗ, ಬಿರುಗಾಳಿ ಪುಲ್ಲಿಂಗ. ಮುಂದೆ ದೊಡ್ಡ ಭಯ, ದೊಡ್ಡ ಮೀನು. ನಾಲ್ಕೇ ಅಧ್ಯಾಯ, 48 ವಚನ. ಒಂದೇ ಪದ ಮತ್ತೆ ಮತ್ತೆ ಬಂದು ತಾನಾಗಿ ಮನಸ್ಸಿನಲ್ಲಿ ಕೂರುತ್ತದೆ. ಆಮೇಲೆ ರೂತಳ ಪುಸ್ತಕ, ಅದೂ ನಾಲ್ಕೇ ಅಧ್ಯಾಯ.

ಸತ್ತ ಭಾಷೆಯನ್ನು ಮಾತಾಡಿಸಿ ಕಲಿಸುವುದು ಹುಚ್ಚು ಎನ್ನುವವರಿದ್ದಾರೆ. ಹೀಬ್ರೂವನ್ನು ಮತ್ತೆ ಆಡುಮಾತಾಗಿಸಲು ಹೊರಟು 1881ರಲ್ಲಿ ಜೆರೂಸಲೇಮಿಗೆ ಹೋದ ಎಲಿಯೆಜರ್ ಬೆನ್-ಯೆಹೂದನಿಗೂ ಜನ ಹಾಗೇ ಅಂದಿದ್ದರು. ಅವನ ಮನೆಯಲ್ಲಿ ಮಗು ಹೀಬ್ರೂವಿನಲ್ಲೇ ಬೆಳೆಯಿತು. ಅಷ್ಟು ದೂರ ಯಾಕೆ? ನಮ್ಮ ರಾಜ್ಯದಲ್ಲೇ 1981ರಲ್ಲಿ ಶುರುವಾದ ಸಂಸ್ಕೃತ ಭಾರತಿ ಹತ್ತು ದಿನದ ಸಂಭಾಷಣ ಶಿಬಿರಗಳಿಂದ ಎಷ್ಟು ಜನರ ಸಂಕೋಚ ಬಿಡಿಸಿದೆ! ಒಂದು ಎಚ್ಚರಿಕೆ ಮಾತ್ರ ಬೇಕು. ಇಂದಿನ ಇಸ್ರೇಲಿನ ಹೀಬ್ರೂ ಬೈಬಲಿನ ಹೀಬ್ರೂ ಅಲ್ಲ, ಕ್ರಿಯಾಪದದ ವ್ಯವಸ್ಥೆಯೇ ಬೇರೆ. ಹಾಗಾಗಿ ಮಾತಾಡಿಸುವ ವಾಕ್ಯಗಳನ್ನು ಆದಷ್ಟು ಪಠ್ಯದಿಂದಲೇ ಆರಿಸಬೇಕು. ವ್ಯಾಕರಣವನ್ನು ಬಿಡಿ ಎಂದೂ ನಾನು ಹೇಳುವುದಿಲ್ಲ. ಅದು ಕಿವಿಗೆ ಬಿದ್ದದ್ದನ್ನು ವಿವರಿಸುತ್ತ ಹಿಂದಿನಿಂದ ಬರಲಿ.

ಗಟ್ಟಿಯಾಗಿ ಓದುವುದನ್ನು ದಿನವೂ ಮಾಡಿಸಬೇಕು. ಹೀಬ್ರೂ ಲಿಪಿಯ 22 ಅಕ್ಷರಗಳೂ ವ್ಯಂಜನ. ಸ್ವರಚಿಹ್ನೆಗಳನ್ನೂ, ಎಲ್ಲಿ ನಿಲ್ಲಬೇಕು, ಹೇಗೆ ರಾಗವೆಳೆಯಬೇಕು ಎಂಬ ಗುರುತುಗಳನ್ನೂ ಆಮೇಲೆ ಮಸೊರೆಟರೆಂಬ ಯೆಹೂದಿ ಪಂಡಿತರು ಸೇರಿಸಿದರು. ಪಠಣದ ಪರಂಪರೆ ಕಳೆದುಹೋಗಬಾರದೆಂದು ಪಟ್ಟ ಶ್ರಮ ಅದು. ಗಮಕ ಕೇಳಿ ಬೆಳೆದ ನಮಗೆ ಇದನ್ನು ವಿವರಿಸಬೇಕಿಲ್ಲ.

ಕೊನೆಯದಾಗಿ, ಪದಗಳು ಮತ್ತು ಪರೀಕ್ಷೆ. ಹೊಸ ಒಡಂಬಡಿಕೆಯಲ್ಲಿ ಸುಮಾರು 5,400 ಬೇರೆ ಬೇರೆ ಪದಗಳಿವೆ. ಆದರೆ 50 ಸಲಕ್ಕಿಂತ ಹೆಚ್ಚು ಬರುವ 300 ಚಿಲ್ಲರೆ ಪದಗಳೇ ಇಡೀ ಪಠ್ಯದ ಶೇಕಡಾ 80ರಷ್ಟನ್ನು ತುಂಬುತ್ತವೆ. ಈ ಪದಗಳಿಗೆ ಕನ್ನಡ ಅರ್ಥ, ಪ್ರತಿಯೊಂದಕ್ಕೂ ಸುವಾರ್ತೆಯಿಂದ ಒಂದು ಚಿಕ್ಕ ವಾಕ್ಯ, ಇಷ್ಟಿರುವ ಒಂದು ಕಿರುಹೊತ್ತಿಗೆ ನಮಗೆ ತುರ್ತಾಗಿ ಬೇಕು. ಪರೀಕ್ಷೆಯಲ್ಲಿ ಕೋಷ್ಟಕ ಬರೆಸುವುದನ್ನು ಕಡಿಮೆ ಮಾಡಿ, ಹಿಂದೆ ನೋಡಿರದ ಹತ್ತು ಸಾಲು ಗಟ್ಟಿಯಾಗಿ ಓದಿಸಿ, ಅದರಲ್ಲಿ ಏನು ನಡೆಯಿತೆಂದು ಕನ್ನಡದಲ್ಲಿ ಹೇಳಿಸಿ. ಅರ್ಧ ಅಂಕ ಅದಕ್ಕೇ ಇರಲಿ. ಪರೀಕ್ಷೆ ಬದಲಾಗದೆ ತರಗತಿ ಬದಲಾಗುವುದಿಲ್ಲ, ಇದು ಶಿಕ್ಷಕರಿಗೆಲ್ಲ ಗೊತ್ತಿರುವ ವಿಷಯ. ಪದಗಳ ಹೊತ್ತಿಗೆಯ ಕೆಲಸಕ್ಕೆ ಕೈಜೋಡಿಸುವವರು ಸಭೆ ಮುಗಿದ ಮೇಲೆ ಸ್ವಲ್ಪ ಹೊತ್ತು ಇಲ್ಲೇ ಉಳಿಯಿರಿ, ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ಯಾರು ಯಾರು ಹಂಚಿಕೊಳ್ಳುವುದೆಂದು ಇವತ್ತೇ ಬರೆದುಕೊಳ್ಳೋಣ.